ತಣ್ಣನೆಯ ನಳಿಗೆಯ ಮೊದಲ ಗುಂಡು

ಆರು ಬಿಳಿ ಹೂಗಳಲ್ಲಿ ಎರಡನ್ನು ಚುಚ್ಚಿ ಮುಗಿಸಿದ ವೇಡ್ ಉಳಿದ ನಾಲ್ಕನ್ನು ತಟ್ಟೆಯಲ್ಲಿ ಹಿಡಿದುಕೊಂಡು ಚರ್ಚಿನ ಬಾಗಿಲಲ್ಲಿ ನಿಂತಿದ್ದ. ಪೆಟ್ಟಿಗೆ ಹೊರುವವರ ಕೋಟಿಗೆ ಚುಚ್ಚುವ ಹೂಗಳು ಅವು. ಒಂದು ಪಾದ್ರಿ ಕ್ಲೆಮೆಂಟರ ಎದೆಯ ಮೇಲಿತ್ತು, ಇನ್ನೊಂದು ಅವನದೇ ಎದೆಯ ಮೇಲೆ. ಶವಸಂಸ್ಕಾರದ ಏರ್ಪಾಟು ಮಾಡುವವನೇ ಹೂ ಚುಚ್ಚಿಕೊಂಡು ಹೆಣ ಹೊರಬೇಕಾಗಿ ಬಂದದ್ದು ಅವನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇದೇ ಮೊದಲು.

"ಇನ್ನೂ ನಾಲ್ಕು ಜನ ಬೇಕು ರಮೋನಾ," ಎಂದ. "ಡಾರ್ಸಿ ಹೊರ್ತೀನಿ ಅಂತಾರೆ. ಆದ್ರೆ ಅವರಿಗೆ ಎರಡು ಮೆಟ್ಟಿಲು ಹತ್ತೋಕೇ ಉಸಿರು ಸಾಲಲ್ಲ."

ಸತ್ತವನ ಮಗಳು ರಮೋನಾಗೆ ಪಿತ್ತ ನೆತ್ತಿಗೇರಿತು. "ಜಿಂಕೆ ಬೇಟೆ ಶುರುವಾಗೋ ಸೋಮವಾರ ಯಾರಾದ್ರೂ ಮಣ್ಣು ಇಟ್ಕೋತಾರೇನ್ರಿ? ತಲೆ ನೆಟ್ಟಗಿದೆಯಾ ನಿಮಗೆ? ಸ್ಕೂಲಿಗೇ ಒಂದು ವಾರ ರಜಾ. ಗ್ಯಾರೇಜಿಗೆ ಬೀಗ. ಗಂಡಸರೆಲ್ಲ ಕಾಡಲ್ಲಿ, ಊರಲ್ಲಿ ಗಂಡು ನರಪಿಳ್ಳೆ ಇಲ್ಲ. ಇವತ್ತಲ್ಲದೆ ಬೇರೆ ದಿನ ಸಿಗಲಿಲ್ವಾ?"

"ದಿನ ಇಟ್ಟಿದ್ದು ನಾನಲ್ಲ," ಎಂದ ವೇಡ್, ಬೂಟು ನೋಡುತ್ತ.

"ಮತ್ಯಾರು? ಅಪ್ಪನೇ ಎದ್ದು ಬಂದು ಇಟ್ಟನಾ?"

"ನಾನಿಟ್ಟಿದ್ದು."

ಮಾತು ಮುಂದಿನ ಬೆಂಚಿನಿಂದ ಬಂತು. ಓನೀಟಾ ಹಿಂದಿರುಗಿ ಕೂಡ ನೋಡಲಿಲ್ಲ. ಗಂಡನ ಪೆಟ್ಟಿಗೆಗೆ ಮುಖ ಮಾಡಿ, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದಳು. ರಮೋನಾ ಹತ್ತಿರ ಹೋಗಿ ಬಗ್ಗಿದಳು.

"ಏನಮ್ಮಾ ಅಂದೆ?"

"ವೇಡ್ ಬುಧವಾರ ಅಂದ. ಪಾದ್ರಿಗಳು ಶನಿವಾರ ಅಂದ್ರು. ನಾನು ಸೋಮವಾರವೇ ಆಗ್ಬೇಕು ಅಂದೆ."

"ಯಾಕೆ?"

"ನಿಮ್ಮಪ್ಪನಿಗೆ ಗೊತ್ತಾಗ್ಲಿ ಅಂತ. ಬೇಕಾದಾಗ ಒಬ್ಬನೂ ಬರದೇ ಹೋದ್ರೆ ಹೇಗಿರತ್ತೆ ಅಂತ, ಪೆಟ್ಟಿಗೇಲಿ ಮಲಗಿಯಾದ್ರೂ ಗೊತ್ತಾಗ್ಲಿ."

ಪಾದ್ರಿ, ವೇಡ್ ಬಿಟ್ಟರೆ ಚರ್ಚಿನಲ್ಲಿ ಹತ್ತೊಂಬತ್ತು ಜನರಿದ್ದರು. ಹದಿನೈದು ಹೆಂಗಸರು, ಉಳಿದವರು ಮರ ಹತ್ತಲಾರದ, ಗುಡ್ಡ ಇಳಿಯಲಾರದ ಮುದುಕರು. ಅಷ್ಟರಲ್ಲಿ ಹೊರಗೆ ಬೆಟ್ಟದ ಮೇಲೆ ಎಲ್ಲೋ ಒಂದು ಗುಂಡು ಸಿಡಿಯಿತು. ಹತ್ತೊಂಬತ್ತು ಜನವೂ ಉಸಿರು ಹಿಡಿದು, ಎರಡನೆಯದು ಕೇಳುತ್ತದೆಯೇ ಎಂದು ಕಾದರು. ಕೇಳಲಿಲ್ಲ.

"ಒಂದಕ್ಕೇ ಬಿತ್ತು," ಎಂದ ಡಾರ್ಸಿ, ಅಭ್ಯಾಸಬಲದಿಂದ. ಅವನ ಹೆಂಡತಿ ಮೇವಿಸ್ ಪಕ್ಕೆಗೆ ತಿವಿದಳು.

* * *

ಹೋಬರ್ಟ್ ಟೀಟರ್ ಗರಗಸದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಯಂತ್ರ ರಿಪೇರಿ ಮಾಡಿ, ಎಡಗೈಯ ಒಂದು ಬೆರಳನ್ನು ಅಲ್ಲೇ ಬಿಟ್ಟು, ನಿವೃತ್ತನಾದವನು. ಪತ್ರಿಕೆಯಲ್ಲಿ ಅವನ ಸಾವಿನ ಸುದ್ದಿ ಆರೇ ಸಾಲು. ಆದರೆ ನವೆಂಬರ್ ಬಂತೆಂದರೆ ಲಾರೆಲ್ ಹಳ್ಳ ಎಂಬ ಆ ಊರಿನ ಅರ್ಧ ಗಂಡಸರು ಅವನ ಜಗಲಿಯಲ್ಲಿ ಇರುತ್ತಿದ್ದರು. ಕೈಯಲ್ಲಿ ಒಂದೊಂದು ಅಗ್ಗದ ರೈಫಲ್: ನಡುವೆ ಬಗ್ಗಿಸಿ ಒಂದೇ ಗುಂಡು ತುಂಬುವಂಥದ್ದು, ಮೊಳೆ, ಬಣ್ಣ ಮಾರುವ ಅಂಗಡಿಯಲ್ಲೇ ಸಿಗುವಂಥದ್ದು. ದುಡ್ಡಿದ್ದವರು ಬೇರೆ ಕೊಳ್ಳುತ್ತಿದ್ದರು. ಇಲ್ಲದವರು ಇದನ್ನು ಕೊಂಡು ಹೋಬರ್ಟನ ಹತ್ತಿರ ಬರುತ್ತಿದ್ದರು.

ಅಂಗಡಿಯಿಂದ ತಂದ ಹೊಸತರಲ್ಲಿ ಅದು ನೂರು ಗಜದಲ್ಲಿ ಊಟದ ತಟ್ಟೆಗೆ ತಾಗಿದರೆ ಪುಣ್ಯ. ಹೋಬರ್ಟ್ ಮೊದಲು ಬಗ್ಗುವ ಕೀಲನ್ನು ಚಿಂದಿಯಿಂದ ಒರೆಸಿ ಒಣಗಿಸುತ್ತಿದ್ದ. "ಎಣ್ಣೆ ಸುರಿದಿದೀಯಲ್ಲೋ ಕತ್ತೆ! ಇಲ್ಲಿ ಎಣ್ಣೆ ಇದ್ರೆ ನಳಿಗೆ ಒಂದೊಂದ್ಸಲ ಒಂದೊಂದು ಕಡೆ ಕೂರತ್ತೆ," ಎಂದು ಬೈಯುತ್ತಿದ್ದ. ನಳಿಗೆಯ ಕೆಳಗಿನ ಮರದ ತುಂಡನ್ನು ಬಿಚ್ಚಿ, ಅದು ನಳಿಗೆಗೆ ಒರಗದ ಹಾಗೆ ಒಳಗಡೆ ಉಜ್ಜಿ, ತಿರುಪಿನ ಹತ್ತಿರ ನಲ್ಲಿಗೆ ಹಾಕುವ ರಬ್ಬರ್ ವಾಷರ್ ಇಟ್ಟು ಮತ್ತೆ ಕೂರಿಸುತ್ತಿದ್ದ. ಟ್ರಿಗರಿನ ಒರಟನ್ನು ಸಾಣೆಕಲ್ಲಿನಲ್ಲಿ ನಯ ಮಾಡುತ್ತಿದ್ದ. ಇಷ್ಟೂ ಒಂದು ಮಧ್ಯಾಹ್ನದ ಕೆಲಸ.

ಹೊತ್ತು ತಿನ್ನುತ್ತಿದ್ದದ್ದು ಆಮೇಲಿನದು. ಹಿತ್ತಿಲಿನ ಮೇಜಿನ ಮೇಲೆ, ಮರಳಿನ ಚೀಲಕ್ಕೆ ರೈಫಲ್ ಒರಗಿಸಿ ಒಂದು ಗುಂಡು ಹಾರಿಸುವುದು. ನಳಿಗೆ ಪೂರ್ತಿ ತಣ್ಣಗಾಗುವ ತನಕ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಇನ್ನೊಂದು. ಕಾಡಿನಲ್ಲಿ ಜಿಂಕೆ ಎದುರು ಬಂದಾಗ ನಳಿಗೆ ತಣ್ಣಗೇ ಇರುತ್ತದೆ, ಆದ್ದರಿಂದ ತಣ್ಣನೆಯ ನಳಿಗೆಯ ಮೊದಲ ಗುಂಡೊಂದೇ ತನಗೆ ಲೆಕ್ಕ ಎನ್ನುತ್ತಿದ್ದ. ಕಾಗದದ ಮೇಲೆ ಮೂರು ತೂತು ಒಂದು ಬಾಟಲಿ ಮುಚ್ಚಳದಡಿ ಮರೆಯಾಗುವವರೆಗೆ ಮೇಜು ಬಿಟ್ಟು ಏಳುತ್ತಿರಲಿಲ್ಲ. ಇದಕ್ಕೆಲ್ಲ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಹೊರಡುವಾಗ ಮಾತ್ರ ಒಬ್ಬೊಬ್ಬರನ್ನೇ ಹಿತ್ತಿಲಿನ ಮೂಲೆಗೆ ಕರೆದು ಏನೋ ಹೇಳುತ್ತಿದ್ದ. ಅದೇನೆಂದು ಓನೀಟಾ ಕೇಳಲಿಲ್ಲ. ಬಂದೂಕಿನ ಮಾತು ಅವಳಿಗೆ ಬೇಡವಾಗಿತ್ತು.

ಅವಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಹೋಬರ್ಟ್ ತಾನು ಬೇಟೆ ಬಿಟ್ಟು ನಲವತ್ತೈದು ವರ್ಷವಾಗಿತ್ತು. ಬಿಟ್ಟವನು ಬಿಟ್ಟಂತೆ ಇರಬೇಕಲ್ಲ? ತಾನು ಬಿಟ್ಟು, ಊರಿನವರ ಕೈಗೆ ಅದನ್ನೇ ಸರಿಮಾಡಿ ಕೊಡುವುದೆಂದರೇನು? ಅವಳು ಜಗಲಿಯ ಕೆಸರು ಗುಡಿಸಿದಳು, ಪಾತ್ರೆಗಟ್ಟಲೆ ಕಾಫಿ ಕಾಸಿದಳು, ಹಲ್ಲು ಕಡಿದುಕೊಂಡು ಒಂದು ಮಾತೂ ಆಡಲಿಲ್ಲ.

ಈ ಸಲ ಕೊನೆಗೆ ಬಂದವನು ಟೇಟ್. ರಸ್ತೆಯ ತಿರುವಿನಲ್ಲಿ ತಗಡಿನ ಮನೆಯಲ್ಲಿರುವವನು, ಮದುವೆಯಾಗಿ ವರ್ಷವಾದವನು. ಅವತ್ತು ತುಂತುರು ಮಳೆ, ಹೋಬರ್ಟನಿಗೆ ಕೆಮ್ಮು. ಓನೀಟಾ ಮೂರು ಸಲ ಬಾಗಿಲಿಗೆ ಬಂದು ಕೂಗಿದಳು. "ಟೇಟನದ್ದು ಇವತ್ತೇ ಆಗ್ಬೇಕು. ಇನ್ನೊಂದೇ ಗುಂಡು," ಎಂದ. ಇನ್ನೊಂದಕ್ಕೆ ಇಪ್ಪತ್ತು ನಿಮಿಷ, ಮತ್ತೊಂದಕ್ಕೆ ಇಪ್ಪತ್ತು ನಿಮಿಷ. ವಾರದೊಳಗೆ ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಿದ, ಗುರುವಾರ ಬೆಳಿಗ್ಗೆ ಸತ್ತ.

* * *

ಓನೀಟಾಳ ಮನಸ್ಸಿನಲ್ಲಿದ್ದ ಸೋಮವಾರ ಬೇರೆಯೇ, ಅದೂ ಬೇಟೆ ಶುರುವಾದ ದಿನವೇ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ನವೆಂಬರ್ ಹತ್ತೊಂಬತ್ತು. ಅವಳಿಗೆ ಇಪ್ಪತ್ತೈದು ವರ್ಷ, ಏಳು ತಿಂಗಳ ಬಸುರಿ. ಕತ್ತಲಿರುವಾಗಲೇ ಹೋಬರ್ಟ್ ಹೊಸ ರೈಫಲ್ ಹಿಡಿದು ಹೊರಟ. "ಒಂಬತ್ತಕ್ಕೆಲ್ಲ ಬಂದ್ಬಿಡ್ತೀನಿ," ಎಂದ. ಆರೂವರೆಗೆ ಅವಳಿಗೆ ನೋವು ಶುರುವಾಯಿತು.

ಅವಳು ಆಂಬುಲೆನ್ಸಿಗೆ ಫೋನು ಮಾಡಿದಳು. ಆಂಬುಲೆನ್ಸ್ ಇತ್ತು, ಓಡಿಸುವವನು ಕಾಡಿನಲ್ಲಿದ್ದ. ಹಳ್ಳದಾಚೆಯ ಮನೆಗೆ ಮಾಡಿದಳು, ಅಲ್ಲಿನ ಗಂಡಸರೂ ಕಾಡಿನಲ್ಲಿದ್ದರು. ಕಡೆಗೆ ಮೇವಿಸ್ ಅರ್ಧ ಮೈಲಿ ಹಿಮ ತುಳಿದುಕೊಂಡು ನಡೆದು ಬಂದಳು. ಅವಳಿಗೆ ಆಗ ಗಾಡಿ ಓಡಿಸಲು ಬರುತ್ತಿರಲಿಲ್ಲ. ಗಂಡುಮಗು ಎಂಟಕ್ಕೆ ಅಡುಗೆಮನೆಯ ನೆಲದ ಮೇಲೆ ಹುಟ್ಟಿತು. ಒಲೆಯ ಪಕ್ಕ ಓನೀಟಾ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಜಗಲಿಯ ಮೇಲೆ ಬೂಟಿನ ಸದ್ದು ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ಕಾದಳು. ಮಧ್ಯಾಹ್ನ ಹನ್ನೆರಡರವರೆಗೆ ಮಗುವಿಗೆ ಉಸಿರಿತ್ತು.

ಹೋಬರ್ಟ್ ಬಂದದ್ದು ಸಂಜೆ ಐದಕ್ಕೆ.

"ಎಲ್ಲಿದ್ದೆ?" ಎಂದಳು.

"ಜಿಂಕೆಗೆ ಗಾಯ ಆಯ್ತು. ಬಿಟ್ಟು ಬರೋ ಹಾಗಿರಲಿಲ್ಲ," ಎಂದ.

ಅಷ್ಟೇ. ಇಲ್ಲಿಯ ಗಂಡಸರು ಗಾಯವಾದ ಪ್ರಾಣಿಯನ್ನು ಬಿಟ್ಟು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು. ಹೆಂಡತಿಯ ವಿಷಯದಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ. ಮೂರು ವರ್ಷದ ಮೇಲೆ ರಮೋನಾ ಹುಟ್ಟಿದಳು, ಮನೆಗೆ ಹೊಸ ತಗಡು ಬಂತು, ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು. ಆ ದಿನದ ಬಗ್ಗೆ ಅವರ ನಡುವೆ ಇನ್ನೊಂದು ಮಾತು ಆಗಲಿಲ್ಲ.

* * *

ಪಾದ್ರಿ ಕ್ಲೆಮೆಂಟರು ಪ್ರಾರ್ಥನೆ ಮುಗಿಸಿ, ತೀರಿಕೊಂಡವರ ಬಗ್ಗೆ ಯಾರಾದರೂ ಎರಡು ಮಾತಾಡುವುದಿದ್ದರೆ ಆಡಬಹುದು ಎಂದರು. ಡಾರ್ಸಿ ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದ. ಗಣಿಯ ದೂಳು ಕುಡಿದ ಎದೆ ಅವನದು, ನಾಲ್ಕು ಮಾತಿಗೊಮ್ಮೆ ನಿಲ್ಲಬೇಕು.

"ಎಂಬತ್ತನೇ ಇಸವಿ. ಅವನ ಹತ್ರ ರೈಫಲ್ ಸರಿ ಮಾಡಿಸ್ಕೊಂಡ ಮೊದಲನೆಯವನು ನಾನು," ಎಂದ. "ಎಷ್ಟು ಕೊಡ್ಲೋ ಅಂದೆ. ದುಡ್ಡು ಬೇಡ, ಮಾತು ಕೊಡು ಅಂದ. ಒಂದೇ ಗುಂಡು. ನೂರಕ್ಕೆ ನೂರು ಖಾತ್ರಿ ಇಲ್ದಿದ್ರೆ ಹೊಡೀಬೇಡ. ಬಿದ್ದ ಮೇಲೆ ನೇರ ಮನೆಗೆ. ಅಂಗಡಿ ಮುಂದೆ ನಿಂತು ಕೊಂಬು ತೋರ್ಸೋದು ಆಮೇಲೆ, ಚರ್ಮ ಸುಲಿಯೋದು ಆಮೇಲೆ. ಮೊದ್ಲು ಹೆಂಡ್ತಿಗೆ ಮುಖ ತೋರ್ಸು. ಇಷ್ಟು ಮಾತು. ಇದು ಈ ಹಳ್ಳದ ಪ್ರತಿಯೊಬ್ಬ ಗಂಡಸಿಗೂ ಗೊತ್ತು. ಪ್ರತಿಯೊಬ್ಬನೂ ಕೊಟ್ಟಿದಾನೆ."

ಓನೀಟಾ ಮೊದಲ ಸಲ ಹಿಂದಿರುಗಿ ನೋಡಿದಳು.

"ಯಾಕೋ ಅಂದೆ," ಡಾರ್ಸಿ ಉಸಿರೆಳೆದುಕೊಂಡ. "ಅವತ್ತು ಏಳು ಗಂಟೆಗೇ ಜಿಂಕೆ ಎದುರು ಸಿಕ್ತು ಅಂದ. ಸರಿಯಾಗೇ ಗುರಿ ಇಟ್ಟೆ, ಆದ್ರೆ ಆ ದರಿದ್ರ ಬಂದೂಕು ನಾಲ್ಕು ಅಂಗುಲ ಆಚೆ ಹೊಡೀತು. ಗಾಯ ಆದದ್ದನ್ನ ಎರಡು ಗುಡ್ಡ ಹತ್ತಿ ಇಳಿದು ಹುಡುಕೋದ್ರಲ್ಲೇ ಸಂಜೆ ಆಯ್ತು. ನೆಟ್ಟಗೆ ಹೊಡೆದಿದ್ರೆ ಎಂಟಕ್ಕೆ ಮನೇಲಿರ್ತಿದ್ದೆ. ಮಗನ್ನ ಎತ್ಕೋತಿದ್ದೆ, ಗಾಡೀಲಿ ಆಸ್ಪತ್ರೆಗೆ ಹಾಕ್ತಿದ್ದೆ. ನಾಲ್ಕು ಅಂಗುಲಕ್ಕೆ ಹೋದ ನನ್ನ ಮಗ ಅಂದ. ಇನ್ನೊಬ್ಬನಿಗೆ ಹಾಗಾಗಬಾರ್ದು ಅಂದ."

ಓನೀಟಾ ಎದ್ದು ನಿಂತಿದ್ದಳು. ಕೈಚೀಲ ನೆಲಕ್ಕೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ನಿನಗೆ ಹೇಳಿದ್ನಾ ಇದನ್ನ?"

"ಹೇಳಿದ್ದ ಓನೀಟಾ."

"ಉಳಿದವರಿಗೆ?"

"ಎಲ್ಲರಿಗೂ. ಯಾಕೆ ಅಂತ ಕೇಳಿದವರಿಗೆಲ್ಲ."

"ನನಗೆ ಹೇಳ್ಲಿಲ್ಲ!" ಅವಳ ಕೂಗಿಗೆ ಪಿಯಾನೊ ಮುಂದೆ ಕೂತಿದ್ದ ಆಲ್ಮಾ ಬೆಚ್ಚಿಬಿದ್ದಳು. "ನನ್ನ ಹಿತ್ತಿಲಲ್ಲಿ ನಿಂತು, ನನ್ನ ಕಾಫಿ ಕುಡಿದು ನಲವತ್ತು ಜನ ಕೇಳಿಸ್ಕೊಂಡು ಹೋದ್ರಾ? ನಿಮಗ್ಯಾರಿಗೂ ಬಾಯಿ ಇರಲಿಲ್ವಾ?"

"ನಿನಗೆ ಹೇಳೋಕೆ ಮುಖ ಇಲ್ಲ ಅಂತಿದ್ದ. ನಾವು ಹೇಳೋದು ಹೇಗೆ?"

ಓನೀಟಾ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮುಚ್ಚಳಕ್ಕೆ ಅಂಗೈಯಿಂದ ಹೊಡೆದಳು. "ಎದುರಿಗೆ ಕೂತು ಉಂಡೆಯಲ್ಲೋ! ನಲವತ್ತೈದು ವರ್ಷ ಎದುರಿಗೆ ಕೂತು ಉಂಡೆಯಲ್ಲೋ ಪಾಪಿ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ರಮೋನಾ ಬಂದು ತೋಳು ಹಿಡಿದಳು. ಅವಳು ಕೊಡವಿಕೊಂಡು, ಇನ್ನೆರಡು ಸಲ ಹೊಡೆದಳು. ಪಾದ್ರಿಗಳು ತಡೆಯಲು ಹೋಗಲಿಲ್ಲ. ಅವರು ಒಳ್ಳೆಯ ಮನುಷ್ಯ, ಎಲ್ಲಿ ಸುಮ್ಮನಿರಬೇಕೆಂದು ಬಲ್ಲವರು.

ಆಮೇಲೆ ಅವಳು ವೇಡನ ತಟ್ಟೆಯಿಂದ ಒಂದು ಹೂ ಎತ್ತಿ ತನ್ನ ಕರಿ ಕೋಟಿಗೆ ತಾನೇ ಚುಚ್ಚಿಕೊಂಡಳು.

"ಅಮ್ಮಾ, ನಿಂಗೆ ಎಪ್ಪತ್ತು ವರ್ಷ."

"ಬಾಯಿ ಮುಚ್ಚಿ ನೀನೂ ಒಂದು ತಗೋ."

ಮೇವಿಸ್ ಒಂದು ತೆಗೆದುಕೊಂಡಳು, ಆಲ್ಮಾ ಒಂದು. ಹೀಗೆ ಆರು ಜನರಾದರು.

* * *

ಟೀಟರ್ ಮನೆತನದ ಸಮಾಧಿಗಳಿರುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಯಾವ ಗಾಡಿಯೂ ಹತ್ತುವುದಿಲ್ಲ. ಇನ್ನೂರು ಗಜದ ಏರನ್ನು ನಾಲ್ಕು ಹೆಂಗಸರು, ಒಬ್ಬ ಪಾದ್ರಿ, ಒಬ್ಬ ವೇಡ್ ಒಂಬತ್ತು ಸಲ ನಿಂತು ಹತ್ತಿದರು. ಆಲ್ಮಾಳ ಬೂಟಿನ ಹಿಮ್ಮಡಿ ಕಿತ್ತುಹೋಯಿತು. ಮೇವಿಸ್ ಪ್ರತಿ ಹೆಜ್ಜೆಗೂ ಊರಿನ ಗಂಡಸರನ್ನು ಹೆಸರು ಹಿಡಿದು ಬೈದಳು. ಪಾದ್ರಿಗಳು ಅದನ್ನು ಕೇಳಿಸಿಕೊಳ್ಳದವರಂತೆ ನಡೆದರು. ಶನಿವಾರವೇ ತೋಡಿಸಿಟ್ಟ ಗುಂಡಿಯ ಅಂಚಿನಲ್ಲಿ, ಮಗುವಿನ ಪುಟ್ಟ ಕಲ್ಲಿನ ಪಕ್ಕ, ಪೆಟ್ಟಿಗೆಯನ್ನು ಹಲಗೆಗಳ ಮೇಲೆ ಇಳಿಸಿದರು. ಕಲ್ಲಿನ ಮೇಲಿನ ತಾರೀಖನ್ನು ರಮೋನಾ ಚಿಕ್ಕಂದಿನಿಂದ ನೋಡಿದ್ದಳು. ಅದು ಯಾವ ವಾರವೆಂದು ಎಣಿಸಿದ್ದು ಇವತ್ತೇ.

ಪಾದ್ರಿಗಳು ಓದಬೇಕಾದ್ದನ್ನು ಓದಿದರು. ವೇಡ್ ಹಗ್ಗ ಬಿಚ್ಚಿದ.

"ನಿಲ್ಸು," ಎಂದಳು ಓನೀಟಾ. "ಇಳಿಸಬೇಡ."

"ಅಮ್ಮಾ, ಹನ್ನೊಂದೂವರೆ ಆಯ್ತು," ಎಂದಳು ರಮೋನಾ.

"ಆಗ್ಲಿ. ಅವನು ನಲವತ್ತೈದು ವರ್ಷ ಮಳೇಲಿ, ಹಿಮದಲ್ಲಿ ಕೂತು ದುಡಿದದ್ದು ಉಪಯೋಗಕ್ಕೆ ಬಂತೋ ಇಲ್ವೋ, ನನಗೆ ನೋಡ್ಬೇಕು. ಅವರು ಮಾತು ಉಳಿಸ್ಕೊಂಡ್ರೋ ಇಲ್ವೋ, ನೋಡಿ ಆಮೇಲೆ ಇಳಿಸ್ತೀನಿ."

ಅವಳ ಮಾತು ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ, ಆದರೂ ಎದುರಾಡುವ ಧೈರ್ಯ ಯಾರಿಗಿತ್ತು? ನಿಂತರು. ಗಾಳಿ ಚುಚ್ಚುತ್ತಿತ್ತು. ಆ ನೆತ್ತಿಯಿಂದ ಹಳ್ಳದ ರಸ್ತೆ ಉದ್ದಕ್ಕೂ ಕಾಣುತ್ತದೆ, ರಸ್ತೆಯ ಎರಡೂ ಬದಿಯ ಮನೆಗಳೂ ಕಾಣುತ್ತವೆ. ಹದಿನೈದು ನಿಮಿಷದ ಮೇಲೆ ಒಂದು ಟ್ರಕ್ಕು ಬಂತು. ಅದು ಯಾವ ಮನೆಯ ಹತ್ತಿರವೂ ನಿಲ್ಲಲಿಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೆರಡು. ಎಲ್ಲವೂ ಗುಡ್ಡದ ಬುಡಕ್ಕೇ ಬಂದು ನಿಂತವು. ಹಿಂಬದಿಯ ತೆರೆದ ತೊಟ್ಟಿಗಳಲ್ಲಿ ಜಿಂಕೆಗಳ ಕಾಲು ಕಾಣುತ್ತಿತ್ತು. ಕಿತ್ತಳೆ ಬಣ್ಣದ ಬೇಟೆಕೋಟು ತೊಟ್ಟ ಏಳು ಜನ ಏದುಸಿರು ಬಿಡುತ್ತ ಏರು ಹತ್ತಿದರು.

"ಬಂದ್ರು!" ಎಂದಳು ರಮೋನಾ. ಅವಳ ಕಣ್ಣಲ್ಲಿ ನೀರು ಬಂತು. "ಅಮ್ಮಾ, ಬಂದ್ರು ನೋಡು!"

ಓನೀಟಾಳ ಮುಖ ಸಡಿಲವಾಗಲಿಲ್ಲ.

ಮುಂದಿದ್ದವನು ಟೇಟ್. ಟೊಪ್ಪಿ ತೆಗೆದು ಎದೆಗೆ ಹಿಡಿದ. "ಕ್ಷಮಿಸಿ ಚಿಕ್ಕಮ್ಮ. ಗುಡ್ಡದಿಂದ ಎಳೆದು ತರೋದೇ ಎರಡು ಗಂಟೆ ಆಯ್ತು."

"ಎಷ್ಟು ಗುಂಡು?"

"ಒಂದೇ ಚಿಕ್ಕಮ್ಮ. ಒಂಬತ್ತಕ್ಕೆ. ನಿಂತಲ್ಲೇ ಬಿತ್ತು." ಅವನ ದನಿಯಲ್ಲಿ ಹೆಮ್ಮೆ ಇಣುಕಿತು. "ಅವರು ಹೇಳಿದ ಹಾಗೇ."

"ನಿಂದು?" ಎಂದಳು ಹಿಂದಿನವನಿಗೆ.

"ಒಂದೇ."

ಏಳೂ ಜನರನ್ನು ಕೇಳಿದಳು. ಐದು ಜನ ಒಂದು ಎಂದರು. ಇಬ್ಬರು, ಖಾತ್ರಿ ಸಿಗಲಿಲ್ಲ, ಹೊಡೆಯಲೇ ಇಲ್ಲ ಎಂದರು. ಓನೀಟಾ ತಲೆಯಾಡಿಸಿದಳು. ಆಮೇಲೆ ಟೇಟನ ಹತ್ತಿರ ಹೋಗಿ ನಿಂತಳು.

"ನಿನ್ನ ಹೆಂಡ್ತಿಗೆ ಈಗ ಎಷ್ಟು?"

"ಎಂಟೂವರೆ ತಿಂಗಳು ಚಿಕ್ಕಮ್ಮ. ಅದಕ್ಕೇ ಅವರು ನಂದನ್ನ ಅವತ್ತೇ ಮುಗಿಸಿ ಕೊಟ್ಟಿದ್ದು. ಇವತ್ತೇ ಆಗ್ಬೇಕು ಅಂತ ಹಟ ಹಿಡಿದ್ರು."

ಅವಳು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. "ಮನೆಗೆ ಹೋಗಿ ಬಂದ್ಯಾ?"

"ಇಲ್ಲ. ನೇರ ಇಲ್ಲಿಗೇ..."

"ಅವನಿಗೆ ಏನಂತ ಮಾತು ಕೊಟ್ಟಿದ್ದೆ?"

ಟೇಟ್ ಕೈಯಲ್ಲಿದ್ದ ಟೊಪ್ಪಿ ತಿರುಗಿಸಿದ. ಉಳಿದ ಆರು ಜನರೂ ಬೂಟು ನೋಡಿಕೊಂಡರು.

"ಏನಂತ ಕೊಟ್ಟಿದ್ದೆ? ಬಾಯಿಬಿಡು!"

"ಬಿದ್ದ ಮೇಲೆ ನೇರ ಮನೆಗೆ ಅಂತ."

"ಮತ್ತೆ ಇಲ್ಲೇನು ಕೆಲಸ ನಿನಗೆ?"

"ಚಿಕ್ಕಮ್ಮ, ಅವರಿಗೆ ಹೆಗಲು ಕೊಡೋಣ ಅಂತ. ಒಂದು ಹಿಡಿ ಮಣ್ಣಾದ್ರೂ..."

"ಹೆಗಲು ನಾವು ಕೊಟ್ಟಾಯ್ತು! ಮಣ್ಣು ಹಾಕೋಕೆ ನಾನಿದೀನಿ!" ಅವಳ ದನಿ ಗುಡ್ಡದಾಚೆಗೂ ಕೇಳಿಸುವಂತಿತ್ತು. "ಸತ್ತವನ ಮುಂದೆ ಟೊಪ್ಪಿ ತೆಗೆದು ನಿಲ್ಲೋಕೆ ಎಲ್ಲರೂ ಬರ್ತೀರಿ. ಮನೇಲಿ ಕಾಯೋಳ ಮುಂದೆ ನಿಲ್ಲೋಕೆ ಒಬ್ಬನಿಗೂ ನೆನಪಾಗಲ್ಲ. ಹೋಗಿ! ಎಲ್ಲರೂ ಹೋಗಿ ಮನೆಗೆ!"

"ಓನೀಟಾ," ಎಂದರು ಪಾದ್ರಿಗಳು ಮೆಲ್ಲಗೆ, "ಅವರು ಗೌರವದಿಂದ ಬಂದಿದಾರೆ."

"ಗೌರವ ಆಮೇಲೆ ತರ್ಲಿ ಪಾದ್ರಿಗಳೇ. ಮಧ್ಯಾಹ್ನ ಚರ್ಚಲ್ಲಿ ಊಟ ಇದೆ, ಹೆಂಡ್ತೀರನ್ನ ಕರ್ಕೊಂಡು ಬರ್ಲಿ. ಈಗ ಹೋಗ್ಲಿ."

ಟೇಟ್ ಮೊದಲು ತಿರುಗಿದ. ನಾಲ್ಕು ಹೆಜ್ಜೆ ನಡೆದವನು ಆಮೇಲೆ ಓಡತೊಡಗಿದ. ಉಳಿದವರು ಅವನ ಹಿಂದೆ ಇಳಿದರು. ಟ್ರಕ್ಕುಗಳು ಹಿಂದಕ್ಕೆ ತಿರುಗಿ, ಒಂದರ ಹಿಂದೊಂದು ರಸ್ತೆಗೆ ಬಿದ್ದವು.

ಓನೀಟಾ ಗುಂಡಿಯ ಅಂಚಿನಲ್ಲಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು. ಒಂದು ಟ್ರಕ್ಕು ಸೇತುವೆಯ ಬಳಿ ತಿರುಗಿತು. ಇನ್ನೊಂದು ಹಳದಿ ಮನೆಯ ಮುಂದೆ ನಿಂತಿತು. ಟೇಟನದು ರಸ್ತೆಯ ತಿರುವಿನಲ್ಲಿ, ತಗಡಿನ ಮನೆಯ ಅಂಗಳದಲ್ಲಿ ನಿಂತಿತು. ಕಿತ್ತಳೆ ಕೋಟೊಂದು ಬಾಗಿಲು ತೆರೆದಿಟ್ಟೇ ಹೊರಗೆ ಹಾರಿತು. ಮನೆಯ ಮೆಟ್ಟಿಲ ಮೇಲೆ ಹೆಣ್ಣೊಂದು ಬಂದು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿತು. ಕೋಟು ಅವಳ ಮುಂದೆ ಮೊಣಕಾಲೂರಿತು. ಅವಳು ಇನ್ನೊಂದು ಕೈಯಿಂದ ಅವನ ತಲೆಯ ಮೇಲೆ ಪಟಪಟನೆ ಹೊಡೆದಳು, ಆಮೇಲೆ ಅದೇ ಕೈಯನ್ನು ಅಲ್ಲೇ ಇಟ್ಟಳು.

"ಈಗ ಇಳಿಸಿ," ಎಂದಳು ಓನೀಟಾ, ಮತ್ತು ಎಲ್ಲರಿಗಿಂತ ಮೊದಲು ತನ್ನ ಹಗ್ಗವನ್ನು ಬಿಗಿಹಿಡಿದಳು.